ಕಾಜಾ

ಈದಿಗೆ ಇನ್ನು ನಾಲ್ಕೇ ದಿನ. ಮತ್ರಾದ ಅಂಗಡಿಯಲ್ಲಿ
ಅರವತ್ತು ದಿಶ್ದಾಶ ಬಾಕಿ.
ವಾಮನಣ್ಣನ ಕೈಯಿಂದ ಕತ್ತರಿ ಜಾರಿತು.
ಬಾಗಿ ಎತ್ತಿಕೊಳ್ಳಲಿಲ್ಲ.
ಯಾರನ್ನೂ ಬೈಯಲಿಲ್ಲ. ಆಗಲೇ ನನಗೆ ದಿಗಿಲು.
ಮುಖದ ಬಲಭಾಗ
ಇಸ್ತ್ರಿ ತಾಗಿದ ನೈಲಾನಿನ ಹಾಗೆ
ಕೆಳಗಿಳಿದಿತ್ತು.

"ನೀವು ಇವರಿಗೆ ಏನಾಗಬೇಕು?"
ಕೇಳಿದಳು ಕೋಟಯಂ ಕಡೆಯ ನರ್ಸು, ಹಿಂದಿಯಲ್ಲಿ.
ಏನಾಗಬೇಕು?
ತಮ್ಮನಲ್ಲ, ಅಳಿಯನಲ್ಲ. ಅವರು ಬೋಂಗಾಳೆ, ನಾನು ಬಂದೇನವಾಜ.
ಹನ್ನೊಂದು ವರ್ಷ ಅವರು ಹೊಲಿದದ್ದಕ್ಕೆಲ್ಲ
ನಾನು ಕಾಜಾ ಹಾಕಿದ್ದೇನೆ.
ಆ ಫಾರಮ್ಮಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಬೆಟಗೇರಿಯಿಂದ ಅತ್ತಿಗೆ, ಫೋನಿನಲ್ಲಿ:
"ತಲಿ ಕೊಯ್ತಾರೇನಪಾ?"
ಇಲ್ಲ ಅತ್ತಿಗೆ. ತೊಡೆಯ ಸಂದಿನಿಂದ ಒಂದು ಎಳೆ ಬಿಡ್ತಾರಂತೆ,
ಹೊಟ್ಟೆ ದಾಟಿ, ಎದೆ ದಾಟಿ, ಕೊರಳು ಹತ್ತಿ
ಮೆದುಳಲ್ಲಿ ಗಂಟು ಬಿದ್ದ ಕಡೆಗೆ.
ಆಕೆ ಸುಮ್ಮನಾದಳು. ಆಮೇಲೆ,
"ಉದ್ದ ಎಷ್ಟಾಗತೈತಿ?"
ಸಿಂಪಿಗರ ಮನೆಯ ಹೆಣ್ಣುಮಗಳು.

ನಾನೂ ಅದನ್ನೇ ಲೆಕ್ಕ ಹಾಕುತ್ತ ಕೂತೆ, ನೀಲಿ ಕುರ್ಚಿಯಲ್ಲಿ.
ಊರಲ್ಲಿ ಪ್ಯಾಂಟಿನ ಕಾಲಳತೆ ಹಿಡಿಯುವಾಗ
ವಾಮನಣ್ಣ ಟೇಪಿನ ತುದಿ ಒತ್ತುತ್ತಿದ್ದ ಜಾಗ ಅದು,
ಮುಖ ಆಚೆ ತಿರುಗಿಸಿ, ಮರ್ಯಾದೆಯಿಂದ.
ಅಲ್ಲಿಂದ ಕೆಳಗಷ್ಟೇ ಅವರ ವ್ಯವಹಾರ.
ಮೇಲಕ್ಕೂ ಒಂದು ದಾರಿ ಇದೆಯೆಂದು
ನಮಗ್ಯಾರು ಹೇಳಿದ್ದರು?

ಮುಕ್ಕಾಲು ಗಂಟೆ.
ಡಾಕ್ಟರ್ ಹಿಲಾಲ್ ಹೊರಗೆ ಬಂದು ಅರಿವೆ ಬಿಚ್ಚಿ ತೋರಿಸಿದರು:
ಒಣದ್ರಾಕ್ಷಿಯ ಸಿಪ್ಪೆಯಷ್ಟು, ಕರಿಗೆಂಪು, ಎರಡು ಚೂರು.
ಇಷ್ಟಕ್ಕಾ
ಒಬ್ಬ ಮನುಷ್ಯನ ಬಲಗೈ, ನಾಲ್ಕು ಭಾಷೆ,
ಮಗಳ ಹೆಸರು?
"ಎಷ್ಟು ಹೊಲಿಗೆ?" ಅಂದೆ.
ಒಂದೂ ಇಲ್ಲ. ಬೆರಳಿಟ್ಟು ಒತ್ತಿ ಹಿಡಿದರೆ ಸಾಕಂತೆ.
ಇದನ್ನು ವಾಮನಣ್ಣನಿಗೆ ಹೇಗೆ ಹೇಳಲಿ.

ಮೂರನೇ ದಿನ ಹೆಬ್ಬೆರಳು ಅಲುಗಿತು.
ಈದು ಬಂತು, ಹೋಯಿತು. ಪಕ್ಕದಂಗಡಿಯ ಬಂಗಾಲಿಗಳು
ರಾತ್ರಿ ಕೂತು ನಮ್ಮ ಬಾಕಿ ಮುಗಿಸಿಕೊಟ್ಟರು, ದುಡ್ಡು ಮುಟ್ಟಲಿಲ್ಲ.
ಒಂಬತ್ತನೇ ದಿನ ಮಾತು ಬಂತು, ಆದರೆ
ಬೇರೆ ಗಿರಾಕಿಯ ಬಟ್ಟೆ ಕೈಗೆ ಕೊಟ್ಟ ಹಾಗೆ:
ನೀರಿಗೆ ಗುಂಡಿ ಅಂದರು,
ನನಗೆ ಶುಕ್ರವಾರ.
ಶುಕ್ರವಾರಾ, ಅಂದಾಗೆಲ್ಲ
ನಾನು ಓ ಅಂದೆ.

ಆರನೇ ವಾರ. ಚೆಕಪ್ಪು.
ಕಣ್ಣಿಗೆ ಬೆಳಕು ಬಿಡಲು ಡಾಕ್ಟರ್ ಬಾಗಿದರು,
ಬಿಳಿಕೋಟಿನೊಳಗಿಂದ ದಿಶ್ದಾಶದ ಗೊಂಡೆ ಹೊರಗೆ ಬಂತು,
ಅತ್ತರಿನ ವಾಸನೆ.
ಮೆದುಚೆಂಡು ನೆಲಕ್ಕೆ ಬಿತ್ತು.
ವಾಮನಣ್ಣನ ಬಲಗೈ ನಡುಗುತ್ತ, ನಿಧಾನವಾಗಿ,
ಎದ್ದು ಹೋಗಿ ಆ ಗೊಂಡೆ ಹಿಡಿಯಿತು.
"ಅರ್ಧ ಇಂಚ... ಆಚಿಗೆ ಬಿದ್ದೈತಿ.
ಯಾವ ಬೇಕೂಫ ಹೊಲದಾನ?"

ಡಾಕ್ಟರ್ ನನ್ನತ್ತ ನೋಡಿದರು: ಏನಂತಾರೆ?
ಶುಕ್ರಾನ್ ಅಂತಾರೆ, ಅಂದೆ.
ಹಿಡಿದದ್ದನ್ನು ಇನ್ನೂ ಬಿಟ್ಟಿರಲಿಲ್ಲ.