ಹೊರಮೈ

ಸಿದ್ದಾಪುರ, ಡಿಸೆಂಬರ್. ರಾತ್ರಿ ಎಂಟಾದರೂ
ಶೆಟರ್ ಅರ್ಧ ತೆರೆದೇ ಇದೆ.
ಕೊಯ್ದ ಹಣ್ಣು ರಾಶಿ ಬಿದ್ದಿದೆ, ಪಲ್ಪರ್ ನಿಂತಿದೆ,
ಬೆಳಗಾದರೆ ಹುಳಿ ಬರುತ್ತದೆ ಎಂದು
ಬೋಜಮ್ಮ ಮೂರನೇ ಸಲ ಫೋನ್ ಮಾಡಿದರು.

ತಗಡನ್ನು ಅಡ್ಡ ತಿರುಗಿಸಿ ಗುರುತು ಹಾಕಿದ್ದೆ,
ಒಂದು ಗೇಣು ತಾಮ್ರ ಉಳಿಯಲಿ ಎಂದು.
ಉಳಿಯಿತು.
ಅಂಚು ಮಡಿಚುವಾಗ ಸದ್ದೇನೂ ಬರಲಿಲ್ಲ.
ಒಳಮೈ ನುಣುಪು, ಅದರಲ್ಲಿ ನನ್ನದೇ ಮೂಗು.

ಮೊಯ್ದು ಕಾಕ ನೋಡಲಿಲ್ಲ. ಹೆಬ್ಬೆರಳಿನ ಉಗುರನ್ನು
ಹೊರಮೈಯ ಬಾಗಿನ ಮೇಲೆ ನಿಧಾನ ಎಳೆದರು.
ಒಂದು ಕಡೆ ಉಗುರು ತಡೆಯಿತು.
“ಓರೆ ಹಿಡಿ,” ಅಂದರು. ಹಿಡಿದೆ.
ಟ್ಯೂಬ್‌ಲೈಟಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೀಟು.

“ಬಿದಿರು ಸೀಳಿದ್ದೀಯಲ್ಲ,
ಉದ್ದಕ್ಕೆ ಕತ್ತಿಯಿಟ್ಟರೆ ಉಳಿದದ್ದು ಅದೇ ಹೋಗುತ್ತದೆ.
ರೋಲರಿನಡಿ ಹಾದು ಬಂದ ತಗಡಿಗೂ
ಉದ್ದ ಉಂಟು, ಅಡ್ಡ ಉಂಟು.
ಒಳಮೈ ಕುಗ್ಗಿದರಾಯಿತು, ಹಿಗ್ಗಬೇಕಾದ್ದು ಹೊರಮೈ.
ಮಡಿಚುವವನು ನಿಲ್ಲುವುದು ಯಾವಾಗಲೂ ಒಳಬದಿಗೆ.”

ಹೊಸ ತಗಡು. ಮಂದ ಕೆಂಪಾಗುವವರೆಗೆ ಕಾಸಿ
ನೀರಿಗೆ ಮುಳುಗಿಸಿದೆವು. ಉಕ್ಕಾದರೆ ಸೆಟೆಯುತ್ತಿತ್ತು.
ತಾಮ್ರ ಒದ್ದೆ ಬಟ್ಟೆಯ ಹಾಗೆ ಕೈಮೇಲೆ ಜೋತಿತು.

ಅದನ್ನೂ ಅವರು ಒಂದೇ ಏಟಿಗೆ ಮಡಿಚಲಿಲ್ಲ.
ಮರದ ಕೊಡತಿಯಲ್ಲಿ ತಟ್ಟಿ, ಬಿಟ್ಟು, ಮತ್ತೆ ತಟ್ಟಿ.
ಪ್ರತಿಸಲ ಒಂದಿಷ್ಟು ವಾಪಸು ಬರುತ್ತಿತ್ತು.
ಬರಲಿ ಎಂದು ಕಾಯುತ್ತಿದ್ದರು.

ಕೊಡತಿ ಹಿಡಿದ ಕೈಯಲ್ಲಿ ನಾಲ್ಕು ಬೆರಳಷ್ಟೇ ಮಡಿಚುತ್ತವೆ.
ಐದನೆಯದು ನೇರ ನಿಂತಿರುತ್ತದೆ. ಕೇಳಿದ್ದೆ ಒಮ್ಮೆ.
“ಪ್ರೆಸ್ಸು,” ಅಂದಿದ್ದರು, “ಪಾಲಿಬೆಟ್ಟದಲ್ಲಿ.”
ಅಷ್ಟೇ.

ಹತ್ತೂವರೆಗೆ ಜೀಪು ಬಂತು.
ನಾನು ಉಳಿಸಿದ ಗೇಣು ತಾಮ್ರ
ಇನ್ನೂ ಮೇಜಿನ ಮೇಲಿದೆ,
ಯಾವುದಕ್ಕೂ ಸಾಲದು.