ಎಡಗೈ ಊಟ

ಈ ಊರು ನನಗ ಎಣಿಕಿಲೆ ಗೊತ್ತು.
ಗಾಂಧಿ ಚೌಕಿಗೆ ಎಂಬತ್ತು,
ಸ್ಟೇಷನ್ ರೋಡಿಗೆ ನೂರಾ ಇಪ್ಪತ್ತು,
ಅಥಣಿ ರೋಡಿಗೆ ಐವತ್ತು, ಅಮಾಸಿ ಇದ್ರ ಅರವತ್ತು.
ಹತ್ತರ ಹೊತ್ತಿಗೆ ಮೌಲಾಸಾಬ ಸೈಕಲ್ ತಂದು
ಅರಿವ್ಯಾಗ ಕಟ್ಟಿದ ರೊಟ್ಟಿ ಗಂಟು ಹೇರಿಕೊಂಡು
ಓಣಿ ತಿರುವಿನ್ಯಾಗ ಮರೆಯಾಗ್ತಿದ್ದ.
ಅಲ್ಲಿಂದ ಮುಂದ ವಿಜಾಪುರ ಹ್ಯಾಂಗದ
ನಾ ಕೇಳಿದ್ದಿಲ್ಲ.
ಇಪ್ಪತ್ತಾರು ವರ್ಷ.

ಕಾರಹುಣ್ಣಿವಿ ಮರುದಿನ
ಬಚ್ಚಲ ಕಲ್ಲ ಮ್ಯಾಲ ಜಾರಿ ಬಲಗೈ ಮಣಿಕಟ್ಟು ಮುರೀತು.
ಡಾಕ್ಟರ್ ಬಿಳೀ ಪಟ್ಟಿ ಸುತ್ತಿ
"ಆರು ವಾರ ಏನೂ ಬಡೀಬ್ಯಾಡ್ರಿ ಗುರುಬಾಯಿ" ಅಂದ.
ಒಲಿ ಆರಿತು. ಹಂಚು ತಣ್ಣಗಾತು.
ಕೊಣಮಿಗಿ ಗ್ವಾಡಿಗೆ ಆನಿಸಿ ನಿಂತು
ನನ್ನ ಮಾರಿ ನೋಡಾಕ ಹತ್ತಿತು.

ಎಂಟನೇ ದಿನ, ಹಸಿವಿಗಿಂತ ಬ್ಯಾಸರ ಹೆಚ್ಚಾಗಿ,
ಸೆರಗು ಹೊದ್ದು ಹೊಂಟೆ.
ಯಾರ್ಯಾರ ತಾಟಿಗೆ ಹೋಗತಿತ್ತು ನೋಡೂಣಂತ.

ಗಾಂಧಿ ಚೌಕಿನ್ಯಾಗ
ಎಣಗಾಯಿಗೆ ಶೇಂಗಾ ಸುರಿವ್ಯಾರ, ಕೈ ಹಿಡಿದಿಲ್ಲ,
ಪುಂಡಿಪಲ್ಯಕ್ಕ ಬೆಳ್ಳುಳ್ಳಿ ಕಡಿಮಿ.
ಬೈಕೋತ ಬೈಕೋತ ತಾಟು ಖಾಲಿ ಮಾಡಿದೆ.
ಎದುರಿನವ ವಕಾರದ ಹಮಾಲ,
ಮೈಯೆಲ್ಲ ಒಣದ್ರಾಕ್ಷಿ ವಾಸನಿ,
ರೊಟ್ಟಿ ಅಂಚು ಮುರಿದು ಬ್ಯಾರೆ ಇಟ್ಟು
ಕಡೀಕ ಮೊಸರಿಗೆ ಅದ್ದಿ ಕಣ್ಣು ಮುಚ್ಚಿದ.
ಪೊಲೀಸ್ ಹುಡುಗಿಯೊಬ್ಬಾಕಿ
ಎರಡು ತಿಂದು ಎರಡು ಪೇಪರಿನ್ಯಾಗ ಸುತ್ತಿ
ಟೊಪಿಗಿಯೊಳಗ ಇಟ್ಟುಕೊಂಡು ಹೋದಳು.
ಯಾರಿಗೋ, ಕೇಳಬೇಕಿತ್ತು.
ಪರೀಕ್ಷಾಕ್ಕ ಓದೂ ಹುಡುಗರು ಮಾತ್ರ
ಪುಸ್ತಕದಾಗ ಕಣ್ಣಿಟ್ಟು
ಏನು ತಿಂತೀವಂತ ಗೊತ್ತಿಲ್ಲದ ತಿಂತಿದ್ದರು.
ಸಿಟ್ಟು ಬಂತು. ಆಮ್ಯಾಲ ಪಾಪ ಅನಿಸ್ತು.

ಎಡಗೈಲೆ ತಿನ್ನೂದು ನೋಡಿ
ಒಬ್ಬ ಮುದುಕ ಮಾರಿ ಹೊರಳಿಸಿದ.
ಪಟ್ಟಿ ತೋರಿಸಿದೆ. ಉಪ್ಪಿನಕಾಯಿ ಮುಂದಕ ಸರಿಸಿದ.

ಸ್ಟೇಷನ್ ರೋಡಿನ್ಯಾಗ ಬಂದದ್ದು ಬ್ಯಾರೆಯವರ ರೊಟ್ಟಿ.
ಹೊರಳಿಸಿ ನೋಡಿದೆ.
ಅವಸರದಾಕಿ. ನೀರು ಸವರೂದ್ರಾಗ ಜೀನತನ.
ಬಳಿ ತಗೀದs ಬಡಿದಾಳ,
ಅಂಚಿನ ಮ್ಯಾಲ ಅರ್ಧಚಂದ್ರದ ಗುರ್ತು.
ಹೊಸದಾಗಿ ಮದಿವ್ಯಾದಾಕಿ ಇರಬೇಕು.
ಹೊಟ್ಟಿ ಉರೀತು ಅಂದ್ರ ಸುಳ್ಳಲ್ಲ,
ಆದ್ರ ಬಿಸಿ ಇತ್ತು.
ಬಿಸಿ ರೊಟ್ಟಿ ಯಾರರೆ ನನಗ ಬಡಿದು ಹಾಕಿ
ಎಷ್ಟು ವರ್ಷಾಗಿತ್ತು!
ಮತ್ತೊಂದು ಹಾಕಸಿಕೊಂಡೆ.

ಮೂರನೇ ವಾರ ಅಥಣಿ ರೋಡು.
ಖಾನಾವಳಿ ಮುರಿಗೆಪ್ಪ ಫೋನಿನ್ಯಾಗ ದಿನಾ ಒದರಾಂವ,
ಮಾರಿ ನೋಡಿದ್ದಿಲ್ಲ ನಾ, ಅವನೂ.
"ಬಿಸೀವು ಮುಗದಾವರಿ, ಖಡಕ್ ನಡೀತಾವೇನು?
ನಮ್ಮ ರೊಟ್ಟಿ ಅಕ್ಕನ ಕೈ ಮುರದೈತಿ,
ಅಕೀವು ಇವs ಕಡೀವು, ತಲೀಗೊಂದು ಕೊಡಾಕತ್ತೀವಿ."
ನಡೀತಾವ ಅಂದೆ.

ತಾಟಿನ್ಯಾಗ ಬಂತು.
ನನ್ನ ಮೂರನೇ ಬೆರಳು ಸೊಟ್ಟ,
ಸಣ್ಣಾಕಿದ್ದಾಗ ಬೀಸೂ ಕಲ್ಲಿಗೆ ಸಿಕ್ಕಿದ್ದು.
ಆ ಸೊಟ್ಟ ಬೆರಳಿನ ತಗ್ಗು
ರೊಟ್ಟಿ ಮ್ಯಾಲ ಹಂಗs ಕುಂತಿತ್ತು.
ಪಟ್ಟಿಯೊಳಗಿನ ಕೈ ಸುಮ್ಮನ ತುರಿಸ್ತು.
ಎಡಗೈಲೆ ಒತ್ತಿದೆ, ಖಟ್.
ಗುರೆಳ್ಳು ಹಿಂಡಿ, ಎಣ್ಣಿ, ಹಸಿ ಉಳ್ಳಾಗಡ್ಡಿ,
ಮ್ಯಾಲ ನಿಂಬಿಹಣ್ಣಿನ ಉಪ್ಪಿನಕಾಯಿ.
ಉಪ್ಪು ಒಂದು ಕಣ ಹೆಚ್ಚಾಗಿತ್ತು ಆ ದಿನ, ರೊಟ್ಟಿಗೆ.
ಯಾರೂ ಹೇಳಿದ್ದಿಲ್ಲ.

ಬಿಲ್ಲು: ಊಟ ಎಂಬತ್ತು, ಖಡಕ್ ರೊಟ್ಟಿ ಹದಿನೈದು.
ಆರಕ್ಕ ಕೊಟ್ಟಾಕಿ ನಾ,
ಹದಿನೈದು ಎಣಿಸಿ ಇಟ್ಟು ಬಂದೆ. ಹೆಸರು ಹೇಳಲಿಲ್ಲ.

ಸಂಜಿಗೆ ಮೌಲಾಸಾಬ ಕೈ ಹ್ಯಾಂಗದಂತ ನೋಡಾಕ ಬಂದ.
"ಅಲ್ಲೋ, ಅಥಣಿ ರೋಡಿನ ನಿಂಬಿ ಉಪ್ಪಿನಕಾಯಿ
ಅಷ್ಟು ಚಲೋ ಅದಂತ
ಒಮ್ಮಿಯರೆ ಹೇಳಿದ್ದೇನು?"
"ನೀವು ಕೇಳಿದ್ದಿಲ್ಲಲ್ರಿ, ಬಾಯಿ."

ಪಟ್ಟಿ ಬಿಚ್ಚಾಕ ಇನ್ನೂ ಮೂರು ವಾರ ಅದ.
ಶಾಪೇಟ್ಯಾಗ ಒಬ್ಬಾಂವ
ಸುಸಲಾಕ್ಕ ಮಿರ್ಚಿ ಭಜಿ ಹಿಚುಕಿ ಕೊಡ್ತಾನಂತ.
ನಾಳೆ ಮೌಲಾಸಾಬ ಬರ್ತೀನಂದಾನ,
ಸೈಕಲ್ ಬಿಟ್ಟು, ನಡಕೋತ.