ಎಪ್ಪತ್ತು ಗ್ರಾಂ

ಸಿಡ್ನಿಯ ಡಬಲ್ ಬೇ ದಂಡೆಗೆ, ಬೆಳಗ್ಗೆ ಒಂಬತ್ತಕ್ಕೆ
ಬ್ರಿಯೋನಿ ಅಡುಗೆಮನೆಯ ತಕ್ಕಡಿ ತಂದಳು.
ಬೋಲ್ಟು, ರಾಟೆ, ಹಗ್ಗದ ತುಂಡು
ಒಂದೊಂದನ್ನೂ ಕೇಳಿದಳು: ನೀನಿಲ್ಲದೆ ನಡೆಯದೆ?

ಚುಕ್ಕಾಣಿಯ ಹಿಡಿಗೂ ತೂತು ಕೊರೆದೆವು.
ಪಕ್ಕೆಗೆ ಬರೆಸಿದ್ದ ಹೆಸರನ್ನು
ಮರಳುಕಾಗದದಲ್ಲಿ ಉಜ್ಜಿ ತೆಗೆದೆವು.
ಉದುರಿದ ಪುಡಿ ತೂಗಿದಳು:
ಎಪ್ಪತ್ತು ಗ್ರಾಂ.

ಹಗುರಾದಷ್ಟೂ ಹಾರುತ್ತೆ, ಸರಿ.
ಹಗುರಾದಷ್ಟೂ ಮುರಿಯುತ್ತೆ.
ರೆಕ್ಕೆ ಅಗಲಿಸಿದರೆ ಆಚೆ ನಿಂತು ತೂಗಲು ಜಾಗ;
ವಾಲಿದಾಗ ಅದೇ ರೆಕ್ಕೆ
ನೀರಿಗೆ ಕಚ್ಚಿಕೊಳ್ಳುವ ಹಲ್ಲು.
ಕಂಬಳಿ ಗಿಡ್ಡ. ತಲೆಗೆಳೆದರೆ ಕಾಲು ಚಳಿಗೆ.

ಹುಲ್ಲಿನ ಮೇಲೆ ಮೂರು ಹಾಯಿ:
ದೊಡ್ಡದು, ನಡುವಿನದು, ಸಣ್ಣದು.
ಈಶಾನ್ಯದ ಗಾಳಿ ಮೆತ್ತಗಿತ್ತು.
'ಮೂರು ಗಂಟೆಗೆ ತೆಂಕಣದ್ದು ನುಗ್ಗುತ್ತೆ' ಎಂದ ಮುದುಕ ಮೆರ್ವ್,
ದೋಣಿಮನೆಯ ಬಾಗಿಲಲ್ಲಿ ಚಹಾ ಆರಿಸುತ್ತ.
ನಾವು ದೊಡ್ಡದನ್ನೇ ಏರಿಸಿದೆವು.

ಎರಡು ಸುತ್ತು ನಾವೇ ಮುಂದೆ!
ಸೊಂಟಕ್ಕೆ ತಂತಿ, ನೀರಿಗೆ ಬೆನ್ನು,
ಬ್ರಿಯೋನಿ, ಕೋಸ್ಟಾ, ನಾನು
ಹಲ್ಲು ಕಚ್ಚಿ ಮೂವರಿಗೂ ಒಂದೇ ಉಸಿರು.
ಆಮೇಲೆ ನೀರಿನ ಮೇಲೊಂದು ಕಪ್ಪು ಗೆರೆ,
ಗೆರೆಯ ಹಿಂದೆ ಬಿಳಿ.

ಗಾಳಿ ಬಂದಾಗ ತೂರಿಕೋ ಅಂತಾರೆ.
ತೂರಿಹೋದವರು ನಾವು.

ಕೂವೆಮರ ಎರಡು ತುಂಡು.
ಮಗುಚಿದ ಹೊಟ್ಟೆಯ ಮೇಲೆ ಕೂತು ತಲೆ ಎಣಿಸಿದೆವು: ಮೂರು.
ರಕ್ಷಣಾ ದೋಣಿಯ ಹುಡುಗ ರೇಡಿಯೋ ಹಿಡಿದು ಕೂಗಿದ:
'ಯಾವ ದೋಣಿ ಅಂತ ಹೇಳಲಿ? ಹೆಸರೇ ಇಲ್ಲವಲ್ಲ!'

ಕೋಸ್ಟಾ ಕೆಮ್ಮುತ್ತ ನಗತೊಡಗಿದ.
ಬ್ರಿಯೋನಿಗೆ ಕೇಳಿಸಿರಲಿಕ್ಕಿಲ್ಲ.
ತೇಲಿಬಂದ ಕೂವೆಯ ಚೂರೊಂದನ್ನು
ಅಂಗೈಯಲ್ಲಿಟ್ಟು, ಕಣ್ಣು ಕಿರಿದಾಗಿಸಿ,
ತೂಗಿ ನೋಡುತ್ತಿದ್ದಳು.